ಬೋಳು ಚೌಕದ ಬೂದಿ

ಬೆಂಕಿ ಕಾಯುವ ಕೆಲಸದವನನ್ನು ಬೆಂಕಿ ಇಟ್ಟವನೆಂದು ಹಿಡಿದು ಠಾಣೆಯಲ್ಲಿ ಕೂಡಿಹಾಕಿದರು. ಅವನ ಬಾಯಿಂದ ಒಂದು ಮಾತು ಹೊರಡುವ ಮೊದಲೇ, ಕುಡಿದ ಅಮಲಿನಲ್ಲಿ ಸಿಗರೇಟಿನ ತುಂಡು ಎಸೆದನೆಂದು ಕಾಡಿನ ಸಂಶೋಧನಾ ಕೇಂದ್ರದ ಸುದ್ದಿಪತ್ರಿಕೆಯಲ್ಲಿ ಅಚ್ಚಾಯಿತು.

ಆ ಪತ್ರಿಕೆ ಈಗ ಇನ್ಸ್‌ಪೆಕ್ಟರ್ ಕೈಯಲ್ಲಿ ಬೀಸಣಿಗೆಯಾಗಿತ್ತು. ಸುಟ್ಟ ಗುಡ್ಡದ ನಡುವೆ ನಿಂತು ಮುಖದ ಮೇಲಿನ ನೊಣ ಓಡಿಸುವುದಕ್ಕಿಂತ ಒಳ್ಳೆಯ ಉಪಯೋಗ ಅದಕ್ಕೆ ಇದೆಯೆಂದು ಅವಳಿಗೆ ಅನ್ನಿಸಲಿಲ್ಲ. ಮುಖಪುಟದಲ್ಲಿ ನಿರ್ದೇಶಕರು ಯಾರಿಗೋ ಹೂಗುಚ್ಛ ಕೊಡುವ ಚಿತ್ರ. ಒಳಗೆ ಪಾಚಿ ತಜ್ಞರಿಗೆ ಅಭಿನಂದನೆ, ಬಸವನಹುಳುವಿನ ಬಗ್ಗೆ ಉಪನ್ಯಾಸ, ಈ ತಿಂಗಳ ಮಳೆ ಸೊನ್ನೆ, ಕಳೆದುಹೋದ ಛತ್ರಿ ಸಿಕ್ಕವರು ದಯವಿಟ್ಟು ಮರಳಿಸಿ. ಛತ್ರಿಗೂ ಯಾರದೋ ಹುಟ್ಟುಹಬ್ಬದ ಶುಭಾಶಯಕ್ಕೂ ನಡುವೆ ಒಬ್ಬ ಮನುಷ್ಯನ ಬದುಕನ್ನು ನಾಲ್ಕು ಸಾಲಿನಲ್ಲಿ ಮುಗಿಸಿದ್ದರು.

ಕಾಗದದಲ್ಲಿ ಅವನು ಇನ್ನೂ ವಿಚಾರಣೆಗೆ ಬಂದವನಷ್ಟೆ; ನಾಳೆ ಬೆಳಗ್ಗೆ ಬಂಧನ ತೋರಿಸಿ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಕಾಡಿಗೆ ಬೆಂಕಿ ಇಟ್ಟ ಮೊಕದ್ದಮೆ. ಒಮ್ಮೆ ಜೈಲಿನ ಹೊಸಿಲು ದಾಟಿದರೆ ಬೇಗ ಹೊರಗೆ ಬರುವ ಮಾತಿಲ್ಲ. ಅವನೋ, ಹಿಡಿದ ದಿನದಿಂದ ಗೋಡೆಗೆ ಮುಖ ಮಾಡಿ ಕುಳಿತವನು ತುಟಿ ಬಿಚ್ಚಿರಲಿಲ್ಲ. ಗದರಿಸಿ ನೋಡಿದಳು. ಚಹಾ ಕೊಟ್ಟು ನೋಡಿದಳು. ಹೆಂಡತಿಯನ್ನು ಎದುರಿಗೆ ಕೂರಿಸಿ ನೋಡಿದಳು. ಬಂಡೆಯ ಮೇಲೆ ನೀರು ಹೊಯ್ದ ಹಾಗಾಯಿತು.

ಮಾತಾಡದವನದು ಒಂದು ಕಾಟವಾದರೆ, ಮಾತಾಡುವವರದು ಇನ್ನೊಂದು. ಈ ಕೇಂದ್ರದಲ್ಲಿ ಯಾರನ್ನು ಏನು ಕೇಳಿದರೂ ಉತ್ತರ ಅಡ್ಡಗೋಡೆಯ ಮೇಲೆ ಇಟ್ಟ ದೀಪ. ಇರಬಹುದು, ಇಲ್ಲದಿರಲೂಬಹುದು, ಈಗಲೇ ಹೇಳುವುದು ಅವಸರವಾದೀತು, ಇನ್ನಷ್ಟು ಮಾಹಿತಿ ಬೇಕು. ಊಟ ಆಯಿತೇ ಎಂದು ಕೇಳಿದರೂ ಇವರು ಇನ್ನಷ್ಟು ಮಾಹಿತಿ ಕೇಳುತ್ತಾರೆ ಎಂದು ಜೊತೆಗೆ ಬಂದಿದ್ದ ಪೇದೆ ಗೊಣಗಿದ. ಇನ್ಸ್‌ಪೆಕ್ಟರಿಗೆ ಬೆನ್ನ ಹಿಂದೆ ಕೊರೆಹುಳು ಎಂದು ಹೆಸರಿಟ್ಟವನು ಇವನೇ. ಅದು ಅವಳಿಗೂ ಗೊತ್ತಿತ್ತು. ಬೇಸರವೇನೂ ಇರಲಿಲ್ಲ. ಆದರೆ ಈ ಮರ ಮಾತ್ರ ಕೊರೆದಷ್ಟೂ ಪೊಳ್ಳಾಗಿಯೇ ಸಿಗುತ್ತಿತ್ತು.

ಇವತ್ತು ಗುಡ್ಡ ತೋರಿಸಲು ಬಂದಿದ್ದವಳು ಎಲೆ ಮೇಡಂ. ಕೇಂದ್ರದವರೆಲ್ಲ ಕರೆಯುವುದು ಹಾಗೆಯೇ. ಉದುರಿದ ಎಲೆಯೇ ಅವಳ ಸಂಶೋಧನೆ. ಉಳಿದವರಿಗಿಂತ ವಾಸಿ. ಕೇಳಿದ ಪ್ರಶ್ನೆಗೆ ಸಮೀಪದ ಉತ್ತರವನ್ನಾದರೂ ಕೊಡುತ್ತಿದ್ದಳು.

ಕಾಡಿನ ನೆಲದಲ್ಲಿ ಅವರು ಮೂರು ಚೌಕ ಕಟ್ಟಿದ್ದರು. ಒಂದರಲ್ಲಿ ಬಿದ್ದ ತರಗೆಲೆಯನ್ನೆಲ್ಲ ಗುಡಿಸಿ ಚೀಲದಲ್ಲಿ ತುಂಬಿ ತೆಗೆಯುವುದು. ಇನ್ನೊಂದರ ಮೇಲೆ ಆ ಚೀಲಗಳನ್ನು ಸುರಿಯುವುದು. ಮೂರನೆಯದನ್ನು ಮುಟ್ಟದೆ ಬಿಡುವುದು. ಎಲೆಯ ಗೊಬ್ಬರ ಸಿಗದ ಮಣ್ಣು ಏನಾಗುತ್ತದೆ, ಎರಡರಷ್ಟು ಸಿಕ್ಕ ಮಣ್ಣು ಏನಾಗುತ್ತದೆ ಎಂದು ವರ್ಷವರ್ಷ ಅಳೆಯುತ್ತಾ ಹೋಗುವುದು. ಗುಡಿಸುವ ಹೆಂಗಸರು ಅವುಗಳಿಗೆ ಬೋಳು ಚೌಕ, ತುಂಬು ಚೌಕ, ಸುಮ್ಮನಿರೋ ಚೌಕ ಎಂದು ಹೆಸರಿಟ್ಟಿದ್ದರು. ವಿಜ್ಞಾನಿಗಳ ಬಾಯಲ್ಲೂ ಅವೇ ಹೆಸರು ನಿಂತಿದ್ದವು.

ಕಾವಲಿನವನು ಬೋಳು ಚೌಕದಲ್ಲಿ ಕುಳಿತು ಸಿಗರೇಟು ಸೇದುತ್ತಿದ್ದ, ಅಲ್ಲಿಂದಲೇ ಬೆಂಕಿ ಹತ್ತಿತು ಎಂದು ನಿರ್ದೇಶಕರ ಹೇಳಿಕೆಯಲ್ಲಿತ್ತು.

ಕೊರೆಹುಳು ಮೊಣಕಾಲೆತ್ತರದ ಪ್ಲಾಸ್ಟಿಕ್ ಬಲೆ ಸುಟ್ಟು ಬಿದ್ದಿದ್ದ ಕಡೆಯಿಂದ ಬೋಳು ಚೌಕದೊಳಗೆ ಕಾಲಿಟ್ಟಳು. ಬೂಟು ಬೂದಿಯಲ್ಲಿ ಹೂತಿತು. ಇನ್ನೊಂದು ಹೆಜ್ಜೆ ಇಟ್ಟಳು. ಅಲ್ಲೂ ಹೂತಿತು. ಕೋಲಿನಿಂದ ಕೆದಕಿದಳು. ಮೇಲೆ ಬಿಳಿ ಬೂದಿ, ಅದರ ಕೆಳಗೆ ಕಪ್ಪು, ಅದರ ಕೆಳಗೆ ಅರ್ಧ ಬೆಂದು ಒಂದರ ಮೇಲೊಂದು ಅಂಟಿಕೊಂಡ ಹಳೆಯ ಎಲೆಗಳ ಪದರ.

ಮೂಲೆಯಲ್ಲಿ ತಗಡಿನ ಫಲಕವೊಂದು ಹೊಗೆ ಹಿಡಿದು ನಿಂತಿತ್ತು. ಅಂಗೈಯಿಂದ ಒರೆಸಿ ಗಟ್ಟಿಯಾಗಿ ಓದಿದಳು. ಈ ಚೌಕದ ತರಗೆಲೆಯನ್ನು ವಾರವಾರವೂ ತೆಗೆಯಲಾಗುತ್ತದೆ. ಒಳಗೆ ಕಾಲಿಡಬೇಡಿ.

"ವಾರವಾರ ತೆಗೀತಿದ್ರೆ ಸುಟ್ಟಿದ್ದೇನು ಮೇಡಂ? ಫಲಕಾನಾ?"

ಎಲೆ ಮೇಡಂ ಟೋಪಿ ತೆಗೆದು ಮತ್ತೆ ಹಾಕಿಕೊಂಡಳು. ಗಾಳಿಗೆ ಪಕ್ಕದಿಂದ ಹಾರಿ ಬಂದಿರಬಹುದು ಎಂದಳು. ಹಾಗಾದರೆ ಈ ಬಲೆ ಕಟ್ಟಿರುವುದು ಯಾಕೆ ಎಂದು ಇನ್ಸ್‌ಪೆಕ್ಟರ್ ಕೇಳಿದಳು. ಹಾರಿ ಬರಬಾರದು ಅಂತ, ಎಂದು ಹೇಳಿ ಎಲೆ ಮೇಡಂ ತನ್ನ ಮಾತಿನಲ್ಲಿ ತಾನೇ ಸಿಕ್ಕಿಕೊಂಡಳು.

ಅಷ್ಟರಲ್ಲಿ ಪೇದೆ ಕಾಲುದಾರಿಯ ಕಡೆಯ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕರೆದ. ಅಲ್ಲಿ ಬಲೆ ಪೂರ್ತಿ ಸುಟ್ಟಿರಲಿಲ್ಲ. ಒಳಮುಖ ಕರಗಿ ಮೇಣದ ಹಾಗೆ ಇಳಿದು ಗಟ್ಟಿಯಾಗಿತ್ತು. ಹೊರಮುಖ ಹಸಿರಾಗಿಯೇ ಇತ್ತು. ಬಲೆಯ ಆಚೆಗಿನ ಒಣ ಹುಲ್ಲಿಗೆ ಜಳ ತಾಗಿರಲಿಲ್ಲ.

ಹೊರಗಿನಿಂದ ಬಂದ ಬೆಂಕಿಯಲ್ಲ. ಹಾದುಹೋದ ಬೆಂಕಿಯೂ ಅಲ್ಲ. ಚೌಕದ ಒಳಗೇ ಹುಟ್ಟಿ, ಅಲ್ಲೇ ಹೊಟ್ಟೆ ತುಂಬ ತಿಂದು, ಗಾಳಿ ಸಿಕ್ಕಾಗ ಮೇಲಿನ ತುಂಬು ಚೌಕಕ್ಕೆ ಹಾರಿ, ಅಲ್ಲಿಂದ ಗುಡ್ಡ ಏರಿದ ಬೆಂಕಿ. ಒಂದು ಸಿಗರೇಟಿನ ತುಂಡಿಗೆ ಮೂಲೆ ಮೂಲೆಯನ್ನೂ ಇಷ್ಟು ಸಮನಾಗಿ ಸುಡುವ ಶ್ರದ್ಧೆ ಇರುವುದಿಲ್ಲ.

ಗುಡಿಸುವ ಹೆಂಗಸರು ಎಲ್ಲಿ ಎಂದು ಕೇಳಿದಳು. ಕೆಲಸದಿಂದ ಬಿಡಿಸಿದ್ದಾರೆ ಎಂದಳು ಎಲೆ ಮೇಡಂ. ಯಾವಾಗ? ಬಹಳ ಹಿಂದೆ. ಯಾರು ಬಿಡಿಸಿದ್ದು? ಅದು ಆಡಳಿತದ ವಿಷಯ. ಹಾಗಾದರೆ ಅಲ್ಲಿಂದ ಈಚೆಗೆ ಯಾರು ಗುಡಿಸುತ್ತಿದ್ದರು? ಎಲೆ ಮೇಡಂ ಮತ್ತೆ ಟೋಪಿ ತೆಗೆದು ಹಾಕಿಕೊಂಡಳು. ಪ್ರತಿ ವರ್ಷ ಬೋಳು ಚೌಕದ ಬಗ್ಗೆ ನೀವು ದೇಶವಿದೇಶಕ್ಕೆ ಹೇಳುತ್ತಿದ್ದುದು ಏನನ್ನು?

"ಇದಕ್ಕೂ ಇನ್ನಷ್ಟು ಮಾಹಿತಿ ಬೇಕಾ?" ಎಂದಳು ಕೊರೆಹುಳು.

ನಿರ್ದೇಶಕರ ಕೋಣೆಯ ಹೊರಗೆ ಇಬ್ಬರು ಏಣಿ ಹತ್ತಿ ಸ್ವಾಗತದ ಬಟ್ಟೆ ಕಟ್ಟುತ್ತಿದ್ದರು. ಪ್ರಯೋಗಗಳನ್ನು ಪರಿಶೀಲಿಸುವ ಹೊರಗಿನ ತಂಡವೊಂದು ನಾಳೆ ಬರುವುದಿತ್ತು. ಅವರ ಮಾತಿನ ಮೇಲೆ ಕೇಂದ್ರದ ಬಾಗಿಲು ತೆರೆದಿರುವುದೋ ಮುಚ್ಚುವುದೋ ನಿಂತಿತ್ತು. ಎಡಗಡೆಯವನು ಬಲಕ್ಕೆ ಎಳಿ ಎನ್ನುತ್ತಿದ್ದ, ಬಲಗಡೆಯವನು ಎಡಕ್ಕೆ ಎನ್ನುತ್ತಿದ್ದ, ಬಟ್ಟೆ ಇಬ್ಬರ ನಡುವೆ ಜೋಲಾಡುತ್ತಿತ್ತು. ಅದರ ಕೆಳಗೆ ಬಗ್ಗಿಕೊಂಡೇ ಒಳಗೆ ಹೋಗಬೇಕಾಯಿತು.

ಕೋಣೆ ತಂಪಾಗಿತ್ತು. ಗೋಡೆಯ ತುಂಬ ಗುಂಡುಸೂಜಿ ಚುಚ್ಚಿದ ನಕಾಶೆ, ಕಿಟಕಿಯ ಕಟ್ಟೆಯ ಮೇಲೆ ಬಣ್ಣಬಣ್ಣದ ಮಣ್ಣು ತುಂಬಿದ ಸೀಸೆಗಳು, ಕುರ್ಚಿಯ ಬೆನ್ನಿಗೆ ಬಿಳಿ ಟವೆಲು. ನಿರ್ದೇಶಕರು ಎದ್ದು ನಿಂತು ನಕ್ಕು, ಕೂರಿಸಿ, ಚಹಾ ಹೇಳಿ, ಕೀಟಗಳ ಪೆಟ್ಟಿಗೆ ತೆರೆದು ಕೊಂಬಿನ ಜೀರುಂಡೆಯೊಂದನ್ನು ತೋರಿಸಿದರು. ಪಕ್ಕದಲ್ಲಿ ವ್ಯವಸ್ಥಾಪಕ ನಿಂತಿದ್ದ. ಕೇಂದ್ರದ ಎಲ್ಲ ಬೀಗಗಳ ಗೊಂಚಲು ಅವನ ಸೊಂಟದಲ್ಲೇ ಇರುತ್ತಿತ್ತು. ಅದಕ್ಕೇ ಅವನಿಗೆ ಬೀಗದಕೈ ಎಂದು ಅಡ್ಡಹೆಸರು. ಅವನು ಉಸಿರಾಡಿದರೂ ಸದ್ದಾಗುತ್ತಿತ್ತು.

ಜೀರುಂಡೆಯನ್ನು ಪೂರ್ತಿ ನೋಡಿ ಮುಗಿಸದೆ ಮಾತಿಗೆ ಅವಕಾಶ ಸಿಗುವ ಹಾಗಿರಲಿಲ್ಲ. ನೋಡಿದಳು. ಚೆನ್ನಾಗಿದೆ ಎಂದಳು.

"ಸಾರ್, ಬೋಳು ಚೌಕಕ್ಕೆ ಎಲೆ ಎಲ್ಲಿಂದ ಬಂತು?"

"ಕಾಡಲ್ವೇನಮ್ಮಾ. ಎಲೆ ಮರದಿಂದ ಬರುತ್ತೆ."

ಬೀಗದಕೈ ನಕ್ಕ. ಗೊಂಚಲೂ ನಕ್ಕಿತು.

ತಲೆ ಕೆಟ್ಟು ಕೆರ ಹಿಡಿದಿತ್ತು. ಆದರೂ ಅವಳು ದನಿ ಏರಿಸದೆ, ಬೆಳಗ್ಗೆಯಿಂದ ಕಂಡದ್ದನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟಳು. ಬೂದಿಯ ಪದರ. ಒಳಮುಖ ಕರಗಿದ ಬಲೆ. ಬಿಡಿಸಿದ ಹೆಂಗಸರು. ಗುಡಿಸದೆ ಬಿಟ್ಟ ಚೌಕವನ್ನು ಯಾರೋ ಅವಸರವಸರವಾಗಿ ಬೋಳು ಮಾಡಲು ಹೊರಟಿದ್ದಾರೆ, ಅದಕ್ಕೆ ಬೆಂಕಿಯೇ ಸುಲಭ ಎಂದು ಕಂಡಿದ್ದಾರೆ ಎಂದಳು. ಬರಿಯ ಬೂದಿ ಉಳಿದರೆ ಅದನ್ನೂ ಗುಡಿಸಿಬಿಡಬಹುದು. ಹಾಗೆ ಮಾಡಬೇಕಾದ ಅವಸರ ಯಾರಿಗಿತ್ತು ಎನ್ನುವುದು ತನಗೆ ಬೇಕಾಗಿದೆ.

"ನೋಡಿ, ತಂಡದ ಭೇಟಿಗೂ ಇದಕ್ಕೂ ಏನೂ ಸಂಬಂಧ ಇಲ್ಲ" ಎಂದರು ನಿರ್ದೇಶಕರು.

ಅವಳು ತಂಡದ ಮಾತನ್ನೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವಳು ಠಾಣೆಯಲ್ಲಿ ಬೇಕಾದಷ್ಟು ನೋಡಿದ್ದಳು. ಇಷ್ಟು ಓದಿದ ಹೆಗಲನ್ನು ನೋಡಿದ್ದು ಇದೇ ಮೊದಲು.

ಬೀಗದಕೈ ನಡುವೆ ಬಾಯಿ ಹಾಕಿದ. ಕಾವಲಿನವನು ಮೊದಲಿನಿಂದಲೂ ಸರಿಯಿಲ್ಲ, ಎದುರು ಮಾತಾಡುತ್ತಾನೆ, ಅವನ ಹೆಂಡತಿಯೂ ಗುಡಿಸುವವರ ಜೊತೆ ಸೇರಿ ಕೂಗಾಡಿದವಳೇ, ಆ ಸಿಟ್ಟಿಗೇ ಇಟ್ಟಿರಬೇಕು ಎಂದ. ಸಿಟ್ಟಿಗೆ ಇಟ್ಟನೋ, ಕುಡಿದು ಎಸೆದನೋ, ಎರಡರಲ್ಲಿ ಒಂದನ್ನು ನೀವುನೀವೇ ಕೂತು ತೀರ್ಮಾನ ಮಾಡಿಕೊಳ್ಳಿ ಎಂದಳು ಇನ್ಸ್‌ಪೆಕ್ಟರ್. ಎತ್ತಿಗೆ ಜ್ವರ ಬಂದಿತೆಂದು ಎಮ್ಮೆಗೆ ಬರೆ ಎಳೆದಿದ್ದೀರಿ. ಯಾವ ಕಾಯಿಲೆಗೆ ಎಂಬುದನ್ನಾದರೂ ಒಂದೇ ರೀತಿ ಹೇಳಿ.

ಬಾಗಿಲ ಬಳಿ ನಿಂತಿದ್ದ ಎಲೆ ಮೇಡಂ ಇದ್ದಕ್ಕಿದ್ದ ಹಾಗೆ ಮಾತಾಡಿದಳು.

"ಸಾಕು ಮಾವ. ಹೇಳಿಬಿಡಿ."

ಕೊರೆಹುಳು ನಿಧಾನವಾಗಿ ತಿರುಗಿದಳು.

"ಮಾವ?"

ಮಗನ ಹೆಂಡತಿ ಎಂದು ನಿರ್ದೇಶಕರು ಒಪ್ಪಿಕೊಂಡರು. ಎಲ್ಲರಿಗೂ ಗೊತ್ತಿರುವ ವಿಷಯ, ಮುಚ್ಚಿಟ್ಟದ್ದೇನಲ್ಲ, ಕೆಲಸದ ಜಾಗದಲ್ಲಿ ಸಾರ್ ಎಂದೇ ಕರೆಯುವುದು ರೂಢಿ, ಅಷ್ಟೆ. ಇಷ್ಟು ದಿನದಿಂದ ಇಲ್ಲಿನ ಮಣ್ಣು, ಹುಳು, ಜೀರುಂಡೆ ಎಲ್ಲದರ ವಂಶಾವಳಿಯನ್ನು ಕೇಳಿ ಕೇಳಿ ಕೊರೆಹುಳುವಿನ ಕಿವಿ ತೂತಾಗಿತ್ತು. ಇದೊಂದು ನಂಟನ್ನು ಮಾತ್ರ ಯಾರೂ ಬಾಯಿಬಿಟ್ಟಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ನೀವು ಕೇಳಲಿಲ್ಲ ಎಂದಳು ಎಲೆ ಮೇಡಂ. ಅವಳ ಮುಖದಲ್ಲಿ ತಪ್ಪು ಮಾಡಿದ ಅಳುಕಿರಲಿಲ್ಲ. ಮೈಯೆಲ್ಲ ಸೋತಂಥ ದಣಿವಿತ್ತು. ಅದು ಹೇಳಲಾಗದ್ದರ ದಣಿವೋ, ಮಾಡಿದ್ದರ ದಣಿವೋ ತಿಳಿಯಲಿಲ್ಲ.

ಏನನ್ನು ಹೇಳಿಬಿಡಬೇಕು ಎಂದು ಕೊರೆಹುಳು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ನಿರ್ದೇಶಕರು ಎತ್ತಿ, ಹೌದು ಹೌದು ಇಲ್ಲೇ ಇದ್ದಾರೆ ಎಂದು, ಅವಳ ಕಡೆಗೆ ಚಾಚಿದರು.

ಆ ಕಡೆ ಅವಳ ಮೇಲಧಿಕಾರಿ. ಆ ಕಾವಲಿನವನನ್ನು ಬಿಟ್ಟುಬಿಡು ಎಂದರು. ಯಾರ ಮೇಲೂ ಮೊಕದ್ದಮೆ ಬೇಡ. ಕೇಂದ್ರದವರೇ ಪತ್ರ ಕೊಡುತ್ತಾರೆ, ಸಿಡಿಲು ಬಡಿದು ಬೆಂಕಿ ಹತ್ತಿತು ಎಂದು ಬರೆದು ಇವತ್ತೇ ಮುಗಿಸು. ಆಕಾಶದಲ್ಲಿ ತಿಂಗಳುಗಳಿಂದ ಮೋಡದ ಚೂರೂ ಇಲ್ಲ ಎಂದು ಅವಳು ನೆನಪಿಸಿದಳು. ಸಿಡಿಲಿಗೆ ಮೋಡ ಬೇಕು ಅಂತ ಯಾವ ಕಾನೂನಿನಲ್ಲಿದೆ ಎಂದು ಅವರು ಕೇಳಿದರು. ಅಷ್ಟರ ಮೇಲೆ ಫೋನು ಸತ್ತಿತು.

ನಿರ್ದೇಶಕರು ಟವೆಲಿನಿಂದ ಕೈ ಒರೆಸಿಕೊಂಡು, ಎಲ್ಲರಿಗೂ ಒಳ್ಳೆಯದಾಯಿತಲ್ಲ ಎಂದರು.

ಕೊರೆಹುಳು ಒಂದು ಕ್ಷಣ ಮಣ್ಣಿನ ಸೀಸೆಗಳನ್ನು ನೋಡುತ್ತಾ ನಿಂತಳು. ಯಾವುದನ್ನಾದರೂ ಎತ್ತಿ ಬಿಸಾಡುವುದಕ್ಕೆ ಕೈ ತುರಿಸುತ್ತಿತ್ತು. ಆದರೆ ಲೆಕ್ಕ ಹಾಕಿದಳು. ಸಿಡಿಲೋ ಸುಳ್ಳೋ, ಮೊದಲು ಆ ಮನುಷ್ಯ ಮನೆಗೆ ಹೋಗಲಿ. ಮುಚ್ಚಿದ ಕಡತವನ್ನು ಮತ್ತೆ ತೆರೆಯಬಹುದು. ಜೈಲಿಗೆ ಹೋದವನ ವರ್ಷಗಳನ್ನು ಯಾರು ತಂದುಕೊಡುತ್ತಾರೆ? ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಜೀಪು ಹತ್ತಿದಳು.

ಪತ್ರ ಹಿಡಿದು ಬೀಗದಕೈ ಹಿಂದೆ ಹತ್ತಿದ. ಕಾವಲಿನವನನ್ನು ನಾನೇ ಮನೆಗೆ ಮುಟ್ಟಿಸುತ್ತೇನೆ ಎಂದು ಎಲೆ ಮೇಡಂ ಕೂಡ ಹತ್ತಿದಳು. ದಾರಿಯುದ್ದಕ್ಕೂ ಮಾತಾಡಿದ್ದು ಬೀಗದ ಗೊಂಚಲೊಂದೇ. ಪ್ರತಿ ಗುಂಡಿಗೂ ಅದರದೊಂದು ಅಭಿಪ್ರಾಯವಿತ್ತು.

ಠಾಣೆಯ ಬೆಂಚಿನ ಮೇಲೆ ಕಾವಲಿನವನ ಹೆಂಡತಿ ಒಗೆದ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ದಿನವೂ ಅಲ್ಲೇ ಕೂರುತ್ತಿದ್ದಳು. ದಿನವೂ ಒಂದೇ ಮಾತು ಹೇಳುತ್ತಿದ್ದಳು, ಅವರು ಕುಡಿಯುವವರಲ್ಲ ಅಕ್ಕಾ. ಇವತ್ತು ಬಿಡುತ್ತೇವೆ ಎಂದು ಇನ್ಸ್‌ಪೆಕ್ಟರ್ ಹೇಳಿದಾಗ ಅವಳು ಅಳಲಿಲ್ಲ, ನಗಲಿಲ್ಲ. ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಹಾಕಿಕೊಳ್ಳುವುದಕ್ಕೆ ಸಿದ್ಧ ಮಾಡಿ ಕೊಟ್ಟಳು. ಎಲೆ ಮೇಡಂ ಹೋಗಿ ಅವಳ ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡಳು.

ಕಂಬಿಯ ಬಾಗಿಲು ತೆರೆಯಿತು. ಅವನು ಗೋಡೆಯ ಕಡೆಗೆ ಮುಖ ಮಾಡಿಯೇ ಕುಳಿತಿದ್ದ. ಇನ್ಸ್‌ಪೆಕ್ಟರ್ ಅಂಗಿಯನ್ನು ಅವನ ಪಕ್ಕದಲ್ಲಿಟ್ಟಳು.

"ಏಳಿ. ಮನೆಗೆ ಹೋಗಿ. ನಿಮ್ಮ ಮೇಲೆ ಏನೂ ಇಲ್ಲ."

ಅವನು ತಿರುಗಿದ. ಇಷ್ಟು ದಿನ ಕೇಳದ ದನಿ ಅವಳು ಎಣಿಸಿದ್ದಕ್ಕಿಂತ ಮೆತ್ತಗಿತ್ತು.

"ಮತ್ತೆ ಯಾರ ಮೇಲಿದೆ?"

"ಯಾರ ಮೇಲೂ ಇಲ್ಲ. ಸಿಡಿಲು ಬಡೀತು ಅಂತ ಬರೀತಾರೆ."

ಅವನು ಗೋಡೆ ಬಿಟ್ಟು ಅವಳ ಕಡೆಗೆ ಸರಿದು ಕುಳಿತ.

"ನಾನು ಸಿಡಿಲಲ್ಲ ಮೇಡಂ. ಬೆಂಕಿ ಹಚ್ಚಿದ್ದು ನಾನೇ."

ಬೆಳಗ್ಗೆಯಿಂದ ಬೂದಿ ಕೆದಕಿ, ಬಲೆ ನೋಡಿ, ಜೀರುಂಡೆಯನ್ನೂ ಸಹಿಸಿ, ಇವನು ಮಾಡಿಲ್ಲ ಎಂದು ಕಟ್ಟಿ ನಿಲ್ಲಿಸಿದ್ದೆಲ್ಲ ಒಂದೇ ಮಾತಿಗೆ ಕುಸಿಯಿತು. ಅವಳು ಹಣೆ ಚಚ್ಚಿಕೊಂಡಳು. ಇದನ್ನು ಮೊದಲೇ ಹೇಳಲು ನಿಮಗೇನು ಕೇಡು ಎಂದು ಕೇಳಿದಳು.

ಅವನು ಹೇಳಿದ. ಬೇಸಿಗೆ ಬಲಿಯುವ ಮೊದಲು ಪ್ರತಿ ವರ್ಷವೂ ಅವನ ಕೈಯಲ್ಲೇ ಗುಡ್ಡದ ಅಂಚನ್ನು ಸುಡಿಸುತ್ತಾರೆ, ಕಾಡ್ಗಿಚ್ಚು ಒಳಗೆ ನುಗ್ಗದಿರಲೆಂದು. ಈ ಸಲ ಬೋಳು ಚೌಕಕ್ಕೆ ಹಚ್ಚು ಎಂದರು. ಗಾಳಿ ಜೋರಾಗಿದೆ, ಇವತ್ತು ಬೇಡ ಎಂದ. ಇವತ್ತೇ ಆಗಬೇಕು, ತಂಡ ಬರುತ್ತದೆ ಎಂದರು. ನಿನ್ನ ಹೆಂಡತಿಯನ್ನು, ಉಳಿದ ಹೆಂಗಸರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ ಎಂದರು. ಹಚ್ಚಿದ. ಗಾಳಿ ಕೈಮೀರಿ ಎತ್ತಿಕೊಂಡು ಹೋಯಿತು. ಆಮೇಲೆ, ನಾಲ್ಕು ದಿನ ಬಾಯಿ ಮುಚ್ಚಿಕೊಂಡು ಒಳಗಿರು, ನಾವೇ ಬಿಡಿಸುತ್ತೇವೆ ಎಂದರು.

"ಬಿಡಿಸಿದ್ರು ನೋಡಿ" ಎಂದ.

"ಯಾರು? ಹಚ್ಚು ಅಂದಿದ್ದು ಯಾರು?"

ಅವನು ಅವಳ ಹೆಗಲಿನಾಚೆ, ತೆರೆದ ಬಾಗಿಲಿನ ಕಡೆ ನೋಡಿದ. ಹೊರಗೆ ಬೆಂಚಿನ ಮೇಲೆ ಎಲೆ ಮೇಡಂ ಅವನ ಹೆಂಡತಿಯ ಕೈ ಹಿಡಿದು ಏನೋ ಪಿಸುಗುಡುತ್ತಿದ್ದಳು. ಕಿಟಕಿಯ ಬಳಿ ಬೀಗದಕೈ ಪತ್ರಕ್ಕೆ ಮೊಹರು ಒತ್ತಿಸಿಕೊಳ್ಳುತ್ತಿದ್ದ.

"ನಿಮ್ಮ ಜೀಪಲ್ಲೇ ಬಂದಿದ್ದಾರೆ."

"ಇಬ್ಬರು ಬಂದಿದ್ದಾರೆ. ಹೆಸರು ಹೇಳಿ."

"ನಿಮಗೆ ಹೇಳಿದ್ರೆ ಏನ್ಮಾಡ್ತೀರಾ? ನೀವು ಆಗಲೇ ಸಿಡಿಲು ಅಂತ ಒಪ್ಕೊಂಡು ಬಂದಿದ್ದೀರಲ್ಲ. ನಾಳೆ ಜಡ್ಜ್ ಮುಂದೆ ನಿಲ್ಲಿಸಿ. ಅಲ್ಲಿ ಹೇಳ್ತೀನಿ."

ಜಡ್ಜ್ ಮುಂದೆ ನಿಂತು ಹಚ್ಚಿದ್ದು ನಾನೇ ಎಂದರೆ ಅಲ್ಲಿಂದ ನೇರ ಜೈಲಿಗೆ ಹೋಗುತ್ತೀರಿ ಎಂದು ಅವಳು ಹೇಳಿದಳು. ಗೊತ್ತು ಎಂದ. ಹೆಂಡತಿ ಹೊರಗೆ ಕಾಯುತ್ತಿದ್ದಾಳೆ ಎಂದಳು. ಅದೂ ಗೊತ್ತು ಎಂದ. ಈಗ ಮನೆಗೆ ಹೋದರೆ ಸುಟ್ಟ ಗುಡ್ಡಕ್ಕೆ ಯಾರೂ ಉತ್ತರ ಹೇಳಬೇಕಾಗಿಲ್ಲ, ಕೆಲಸ ಹೋದ ಹೆಂಗಸರ ಬಗ್ಗೆ ಯಾರೂ ಕೇಳುವುದಿಲ್ಲ, ಬರುವ ವರ್ಷ ಇನ್ನೊಬ್ಬನ ಕೈಗೆ ಬೆಂಕಿಪೊಟ್ಟಣ ಕೊಡುತ್ತಾರೆ ಎಂದ. ಸಿಟ್ಟಿರಲಿಲ್ಲ ಅವನ ಮಾತಿನಲ್ಲಿ. ನಾಳೆಯ ಗಾಳಿ ಯಾವ ಕಡೆಗೆ ಎಂದು ಹೇಳುವವನ ದನಿಯಿತ್ತು.

ಹೊರಗಿನಿಂದ ಬೀಗದಕೈ ಕೂಗಿ ಹೇಳಿದ, ಬೇಗ ಕಳಿಸಿ ಮೇಡಂ, ಕತ್ತಲಾಗುವ ಮೊದಲು ವಾಪಸು ಹೋಗಬೇಕು.

ಎಲೆ ಮೇಡಂ ಪಿಸುಗುಡುವುದನ್ನು ನಿಲ್ಲಿಸಿ ಬಾಗಿಲ ಕಡೆಗೆ ನೋಡಿದಳು.

ಕೊರೆಹುಳು ಅಂಗಿಯನ್ನು ಎತ್ತಿ ಅವನ ಕೈಗೆ ತುರುಕಿ ಬಾಗಿಲಾಚೆಗೆ ಹೋಗಿ ನಿಂತಳು. ಅವಳ ದನಿ ಗಡುಸಾಗಿತ್ತು. ಅದು ಯಾರ ಮೇಲಿನ ಸಿಟ್ಟು ಎಂದು ಅವಳಿಗೇ ತಿಳಿಯಲಿಲ್ಲ.

"ಹೊರಗೆ ಬನ್ನಿ. ಇದು ಮೇಲಿನವರ ಆದೇಶ."

"ಮೇಲಿನವರು ಹೇಳಿದ್ದನ್ನ ಒಂದ್ಸಲ ಮಾಡಿದ್ದೀನಿ ಮೇಡಂ. ಇನ್ನು ಮಾಡಲ್ಲ."

ಅವನು ಎದ್ದು ಬಂದು, ಅಂಗಿಯನ್ನು ಮಡಚಿ ಹೊರಗೆ ನಿಂತ ಅವಳ ಕೈಗೇ ಹಿಂದಿರುಗಿಸಿ, ಕಂಬಿಯ ಬಾಗಿಲನ್ನು ಒಳಗಿನಿಂದಲೇ ಎಳೆದುಕೊಂಡ.